ಹೆಬ್ಬೆಟ್ಟಿನ ಸಾಲು

ಪೊಲೀಸ್ ಮೇಲಧಿಕಾರಿಯ ಕಚೇರಿಯವರ ಬಾಯಲ್ಲಿ ನಮ್ಮ ಮೇಷ್ಟ್ರು ವರ್ಗಾವಣೆ ಮೇಷ್ಟ್ರು. ಮೊದಲ ದಿನವೇ ಗುಮಾಸ್ತ, "ನಿವೃತ್ತಿ ಆದ್ಮೇಲೂ ವರ್ಗಾವಣೆನಾ ಮೇಷ್ಟ್ರೇ?" ಎಂದು ನಕ್ಕಿದ್ದ. "ನನಗಲ್ಲಪ್ಪಾ, ತನಿಖೆಗೆ" ಎಂದಿದ್ದರು ಇವರು. ತೀರಿಕೊಂಡ ಹೆಂಡತಿಯ ಹೆಸರಲ್ಲಿದ್ದ ನಿವೇಶನವನ್ನು ಯಾರೋ ಸುಳ್ಳು ಪತ್ರ ಮಾಡಿ ಮಾರಿಬಿಟ್ಟಿದ್ದರು. ಠಾಣೆಯಲ್ಲಿ ಕೊಳೆಯುತ್ತಿರುವ ತನಿಖೆಯನ್ನು ಬೇರೆ ಅಧಿಕಾರಿಗೆ ಒಪ್ಪಿಸಿ ಎಂಬುದು ಅವರ ಅರ್ಜಿ. ಪ್ರತಿ ಸೋಮವಾರ ಇಸ್ತ್ರಿ ಹಾಕಿದ ಅಂಗಿ, ಬಗಲಲ್ಲಿ ಕಡತ, ಜೇಬಲ್ಲಿ ಕೆಂಪು ಪೆನ್ಸಿಲು. ಠಾಣೆಯಿಂದ ಬಂದ ಉತ್ತರಗಳನ್ನೂ ಬಿಡದೆ ತಿದ್ದಿ, ಹತ್ತಕ್ಕೆ ಮೂರೋ ನಾಲ್ಕೋ ಅಂಕ ಹಾಕಿ ವಾಪಸು ಕೊಡುತ್ತಿದ್ದರು. "ಇನ್‌ಸ್ಪೆಕ್ಟರಿಗೆ ಅಲ್ಪಪ್ರಾಣ ಯಾವ್ದು ಮಹಾಪ್ರಾಣ ಯಾವ್ದು ಗೊತ್ತಿಲ್ಲ, ಕಳ್ಳ ಯಾವನು ಅಂತ ಹೇಗೆ ಗೊತ್ತಾಗ್ಬೇಕು?" ಎಂದು ಗೊಣಗಿದರೆ ಬೆಂಚಿನ ಮೇಲಿದ್ದವರೆಲ್ಲ ನಗುತ್ತಿದ್ದರು. ಮಗಳು "ಸಾಕಪ್ಪ, ಹೋದದ್ದು ಹೋಯ್ತು" ಎಂದಾಗ ಮಾತ್ರ ಕಡತ ಬಿಚ್ಚಿ ಠಾಣೆಯ ವರದಿಯನ್ನು ಅವಳ ಮುಂದಿಡುತ್ತಿದ್ದರು. ಸುಳ್ಳು ಪತ್ರದಲ್ಲಿ ಹೆಂಡತಿಯ ಸಹಿ ಇರಬೇಕಾದಲ್ಲಿ ಇದ್ದುದು ಹೆಬ್ಬೆಟ್ಟು. ಇನ್‌ಸ್ಪೆಕ್ಟರು ಅದನ್ನೇ ನಂಬಿ "ಸದರಿ ಮಹಿಳೆಗೆ ಓದು ಬರಹ ಬರುತ್ತಿರಲಿಲ್ಲ" ಎಂದು ಬರೆದಿದ್ದ. ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತು, ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವರು ಇವರು. ಅವಳು ತನ್ನ ಹೆಸರು ಬರೆದು ಬರೆದು ತುಂಬಿಸಿದ ಕಾಪಿಪುಸ್ತಕ ಆ ಕಡತದ ತಳದಲ್ಲೇ ಇತ್ತು; ಅದರ ಒಂದು ಹಾಳೆಯನ್ನು ಅರ್ಜಿಯ ಜೊತೆಗೂ ಕೊಟ್ಟಿದ್ದರು. "ಜಾಗ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ಮೊದ್ಲು ಆ ಸಾಲು ಹೊಡೆದುಹಾಕ್ಲಿ" ಎನ್ನುತ್ತಿದ್ದರು. ಮೇಷ್ಟ್ರು ತೀರಿಕೊಂಡ ಹದಿನೈದು ದಿನಕ್ಕೆ ಆ ಕಚೇರಿಯಿಂದ ತನಿಖೆಯ ವರ್ಗಾವಣೆಯ ಆದೇಶ ಬಂತು. ಮಗಳು ಕೆಂಪು ಪೆನ್ಸಿಲು ಹಿಡಿದೇ ಓದಿದಳು. "ಸದರಿ ಮಹಿಳೆ ಅಕ್ಷರಸ್ಥೆ, ಸಹಿಯ ಮಾದರಿ ಲಗತ್ತಿಸಿದೆ" ಎಂದಿತ್ತು. ತಿದ್ದಲು ಏನೂ ಇರಲಿಲ್ಲ. ಕೆಳಗೆ ಹತ್ತಕ್ಕೆ ಹತ್ತು ಎಂದು ಬರೆದಳು.