ಗಿರಾಕಿ ಗುಂಡಿ

ನನ್ನ ಗಂಡನಿಗೆ ಹಾಡಲು ಬರುವುದಿಲ್ಲ, ಹಾಡುವವರ ದನಿಯನ್ನು ಹಿಂಡಲು ಬರುತ್ತದೆ. ಕೊಂಕು ಮಾತಲ್ಲ, ಅವರ ಕಸುಬೇ ಅದು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಗೋಡೆಗೆ ನನ್ನ ಹಳೆಯ ಹಾಸಿಗೆ ಬಡಿದಿದ್ದಾರೆ, ಕಿಟಕಿಗೆ ಕಂಬಳಿ ಹೊದಿಸಿದ್ದಾರೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ದಿನವಿಡೀ ಕಂಡವರ ದನಿಗೆ ಕಂಪ್ರೆಸರ್ ಹಾಕುತ್ತಾರೆ. ಕಂಪ್ರೆಸರ್ ಎಂದರೆ ಗುಡ್ಡ ಕಡಿದು ಹಳ್ಳ ತುಂಬುವ ಕೆಲಸ. ಗಟ್ಟಿ ದನಿಯನ್ನು ತಗ್ಗಿಸಿ, ಮೆಲುದನಿಯನ್ನು ಎತ್ತಿ, ಎರಡನ್ನೂ ಸಮ ಮಾಡುವುದು. ಲಿಮಿಟರ್ ಅದರ ದೊಡ್ಡಣ್ಣ, ಗೆರೆ ದಾಟಿ ತಲೆ ಎತ್ತಿದ್ದನ್ನು ಒತ್ತಿ ಕೂರಿಸುತ್ತದೆ. ಬಿಗಿದಷ್ಟೂ ಹಾಡು ಜೋರಾಗಿ ಕೇಳುತ್ತದೆ, ಜೋರಾದಷ್ಟೂ ಗಿರಾಕಿಗೆ ಖುಷಿ.

ಗಿರಾಕಿಗಳ ಕಾಟವೂ ಕಡಿಮೆಯದ್ದಲ್ಲ. "ಇನ್ನೊಂಚೂರು ಸಿಹಿ ಮಾಡಿ" ಅನ್ನುವರು, "ದನಿ ದಪ್ಪ ಮಾಡಿ" ಅನ್ನುವರು. ಏನು ಬೇಕೆಂದು ಅವರಿಗೇ ಗೊತ್ತಿರುವುದಿಲ್ಲ. ಅವರ ಮೂಗಿಗೆ ತುಪ್ಪ ಸವರಲೆಂದೇ ಇವರು ಮೇಜಿನ ಮೇಲಿನ ಗುಂಡಿಗಳ ಸಾಲಿನಲ್ಲಿ ಕೆಂಪು ಗುಂಡಿಯೊಂದನ್ನು ಇಟ್ಟಿದ್ದರು. ಅದು ಯಾವುದಕ್ಕೂ ಜೋಡಿಸಿದ್ದಲ್ಲ. ಮುಖ ಗಂಭೀರ ಮಾಡಿ ಅದನ್ನು ತಿರುಗಿಸಿ "ಈಗ ಕೇಳಿ" ಎಂದರೆ ಸಾಕು, "ಹಾಂ, ಈಗ ಸರಿಹೋಯ್ತು!" ಎಂದು ಗಿರಾಕಿ ತಲೆದೂಗುತ್ತಿದ್ದ. ನಾವಿಬ್ಬರೂ ಅದಕ್ಕೆ ಗಿರಾಕಿ ಗುಂಡಿ ಎಂದು ಹೆಸರಿಟ್ಟು, ಅಡುಗೆಮನೆಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು.

ಇವರ ತಂಗಿ, ನನ್ನ ನಾದಿನಿ, ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದೇವರು ಅವಳಿಗೆ ಕೊಟ್ಟಿದ್ದು ಕಂಠ ಒಂದೇ. ಸಿನಿಮಾದವರಿಗೆ ಹಿಡಿಸಿ, ಮಗು ಕಳೆದುಕೊಂಡ ತಾಯಿಯ ಹಾಡು ಅವಳಿಗೆ ಸಿಕ್ಕಿತು. ಧ್ವನಿಮುದ್ರಣ ನಮ್ಮ ಮುಂದಿನ ಕೋಣೆಯಲ್ಲೇ. ತನಗೆ ತಾನೇ ಹೇಳಿಕೊಳ್ಳುವಂತೆ ಶುರುಮಾಡಿ, ಕೊನೆಯ ಸಾಲಿಗೆ ಬಂದಾಗ ಕೂಗಿಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ನಾನು ಅತ್ತುಬಿಟ್ಟೆ.

"ಅಣ್ಣ, ಆ ಮೆಲುದನಿ ಹಾಗೇ ಇರ್ಲಿ. ಅದಿದ್ರೇನೇ ಆ ಕೂಗಿಗೆ ಬೆಲೆ. ಮಾತು ಕೊಡು."

"ಕೊಟ್ಟೆ ಕಣೇ."

ನಿರ್ಮಾಪಕ ಬಂದು ಕೇಳಿದ. "ಏನ್ರೀ ಇದು, ಪಿಸುಗುಡ್ತಾಳೆ? ಬೇರೆ ಹಾಡಿನಷ್ಟೇ ಜೋರಾಗಿರ್ಬೇಕು. ಆಗಲ್ಲ ಅಂದ್ರೆ ಹೇಳಿ, ಮುಂದಿನ ಸಿನಿಮಾ ಬೇರೆಯವರು ಮಾಡ್ತಾರೆ." ಇವರು ಲಿಮಿಟರ್ ಬಿಗಿದರು. ಪಿಸುಮಾತೂ ಕೂಗೂ ಒಂದೇ ಮಟ್ಟಕ್ಕೆ ಬಂದವು.

ಕೇಳಲು ಬಂದ ನಾದಿನಿಯ ಮುಖ ಸಣ್ಣಗಾಯಿತು. "ಅಣ್ಣ, ಮೊದಲನೇ ಸಾಲೇ ಕಿರುಚಿದ ಹಾಗಿದೆ. ಸ್ವಲ್ಪ ಸಡಿಲ ಮಾಡು."

ಇವರ ಕೈ ಕೆಂಪು ಗುಂಡಿಗೆ ಹೋಯಿತು.

"ಈಗ?"

ಕಣ್ಣು ಮುಚ್ಚಿ ಕೇಳಿದಳು. "ಇನ್ನೊಂಚೂರು."

ಮತ್ತೆ ತಿರುಗಿಸಿದರು. ಅವಳು ಅಣ್ಣನ ಕೈಯನ್ನೇ ಒಂದು ಗಳಿಗೆ ನೋಡಿ, "ಸರಿ ಅಣ್ಣ, ಈಗ ಸರಿಹೋಯ್ತು" ಎಂದು ಎದ್ದು ಹೋದಳು.

ಅವತ್ತು ನಾನು ಸುಮ್ಮನಿರಲಿಲ್ಲ. "ಮನೆಗೆ ಮಾರಿ ಊರಿಗೆ ಉಪಕಾರಿ ಅಂದ್ರೆ ನೀವೇ! ಒಡಹುಟ್ಟಿದವಳೂ ನಿಮಗೆ ಗಿರಾಕಿನಾ?"

"ಅವಳಿಗೆ ಸಮಾಧಾನ ಆಯ್ತಲ್ಲ, ನಿಂದೇನು?"

ಹಾಡು ಗೆದ್ದಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲೆಲ್ಲೂ ಅದೇ. ನಾದಿನಿಗೆ ಬೇರೆ ಸ್ಟುಡಿಯೋಗಳಿಂದಲೂ ಕರೆ ಬಂತು. ಇವರೋ ಬಂದವರ ಮುಂದೆಲ್ಲ ಆ ಗುಂಡಿ ತೋರಿಸಿ, "ಅಂಥಾ ಕಿವಿ ಇರೋ ನನ್ನ ತಂಗೀನೇ ಇದಕ್ಕೆ ಮೋಸ ಹೋದಳು" ಎಂದು ಕೊಚ್ಚಿಕೊಳ್ಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈಚೆಗೆ ಇವರು ತಾವೇ ಒಂದು ರಾಗ ಕಟ್ಟಿದರು. ಬದುಕಿನಲ್ಲಿ ಮೊದಲ ಸಲ ಸ್ವಂತದ್ದು, ಯಾವ ನಿರ್ಮಾಪಕನ ಹಂಗೂ ಇಲ್ಲದ್ದು. ತಂಗಿಯನ್ನೇ ಕರೆಸಿದರು. "ಈ ಸಲ ಏನೂ ಒತ್ತಲ್ಲ. ಆವತ್ತಿನ ಹಾಗೇ ಹಾಡು."

ಹಾಡಿದಳು. ಶ್ರುತಿ ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಆದರೆ ಮೊದಲಿಂದ ಕೊನೆಯವರೆಗೆ ಒಂದೇ ಮಟ್ಟ. ದನಿ ಏರಿದಾಗ ಅಲುಗಬೇಕಾದ, ದನಿಯ ಮಟ್ಟ ತೋರುವ ಮುಳ್ಳು ಪರದೆಯ ಮೇಲೆ ಒಂದೇ ಕಡೆ ಸತ್ತಂತೆ ನಿಂತಿತ್ತು.

"ಯಾಕೆ ಹೀಗೆ ಹಾಡ್ತೀಯಾ? ಆ ಮೆಲುದನಿ ಎಲ್ಲಿ?"

"ಈಗ ಇಷ್ಟೇ ಬರೋದು ಅಣ್ಣ. ಹೇಗೂ ಹಿಂಡ್ತಾರೆ ಅಂತ ಎಲ್ಲಾ ಕಡೆ ಹೀಗೇ ಹಾಡಿ ಹಾಡಿ ರೂಢಿ ಆಗೋಯ್ತು."

ಮತ್ತೆ ಹಾಡಿಸಿದರು, ಮತ್ತೂ ಹಾಡಿಸಿದರು. ಇದ್ದದ್ದನ್ನು ಒತ್ತಲು ಇವರ ಬಳಿ ಬೇಕಾದಷ್ಟು ಸಾಧನಗಳಿದ್ದವು, ಇಲ್ಲದ್ದನ್ನು ತರಲು ಒಂದೂ ಇರಲಿಲ್ಲ. ದಿಕ್ಕು ತೋಚದೆ, ಕೈ ಅಭ್ಯಾಸಬಲದಿಂದ ಕೆಂಪು ಗುಂಡಿಯತ್ತ ಹೋಯಿತು.

"ಅದನ್ನ ತಿರುಗಿಸಬೇಡ ಅಣ್ಣ. ಅವತ್ತೂ ಅದರಿಂದ ಏನೂ ಆಗ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇವರು ಬದುಕಿಕೊಳ್ಳುತ್ತಿದ್ದರೋ ಏನೋ. ಹೆಡ್‌ಫೋನನ್ನು ಮೊಳೆಗೆ ತೂಗುಹಾಕಿ, "ಅತ್ತಿಗೆ, ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಈಗಲೂ ಗಿರಾಕಿಗಳು ಬರುತ್ತಾರೆ, ಗುಂಡಿಯೂ ಅಲ್ಲೇ ಇದೆ. ತಂಗಿ ಮೋಸ ಹೋದ ಕತೆಯನ್ನು ಮಾತ್ರ ಇವರು ಮತ್ತೆ ಯಾರಿಗೂ ಹೇಳಿಲ್ಲ.