ಹನ್ನೊಂದು ಗಂಟೆಯ ಎಣಿಕೆ

ಬೋಲ್ಟ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗೇಜಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಬೋಲ್ಟುಗಳನ್ನು ಗೇಜಿಗೆ ಹಾಕಿ ಅಳೆಯುವುದೇ ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೋಲ್ಟು ಕೆಂಪು ಡಬ್ಬಿಗೆ ಬೀಳುತ್ತದೆ. ಅಂಥವಳಿಗೆ ಗಂಟುಬಿದ್ದವರು ಅಳತೆಯ ಗಂಧಗಾಳಿಯೂ ಇಲ್ಲದ ಸಾಹೇಬರು.

ಮೊದಲ ಪಾಳಿ ಬೆಳಗ್ಗೆ ಆರಕ್ಕೆ. ಐದೂಮುಕ್ಕಾಲಿಗೆ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ನಾನೂರು ಸೈಕಲ್ಲು, ನಡೆದು ಬರುವವರು ಅದರ ಎರಡರಷ್ಟು, ಇವರ ಮೈಗೇ ಉಜ್ಜಿಕೊಂಡು ಹೋಗುವ ಲಾರಿಗಳು. ಒಂದು ದಿನ ಲಾರಿಯೊಂದು ಅವಳ ತಂಗಿಯ ಹ್ಯಾಂಡಲ್ಲಿಗೆ ತಾಗಿಸಿಕೊಂಡು ಹೋಯಿತು. ತಂಗಿ ಚರಂಡಿಗೆ ಬಿದ್ದದ್ದರಿಂದ ಬದುಕಿದಳು. ಅವತ್ತೇ ಗೇಜಕ್ಕ, ಸೈಕಲ್ಲಿಗೂ ನಡೆಯುವವರಿಗೂ ಬೇರೆ ದಾರಿ ಬೇಕೆಂದು ರಸ್ತೆ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟಳು.

ಕಚೇರಿಯವರು ಸಮೀಕ್ಷೆಗೆ ಬಂದರು. ಬಂದದ್ದು ಹನ್ನೊಂದಕ್ಕೆ, ಕಾರಿನಲ್ಲಿ, ಗಾಜು ಏರಿಸಿಕೊಂಡು. ಕಂಡದ್ದು ಮೂರು ಸೈಕಲ್ಲು, ಐದು ಪಾದಚಾರಿ. 'ಬೇಡಿಕೆ ಇಲ್ಲ' ಎಂದು ಬರೆದುಕೊಂಡರು. ಈ ಮಹಾನುಭಾವರು ಮಧ್ಯಾಹ್ನ ಮೂರಕ್ಕೆ ಅಡುಗೆಮನೆಗೆ ಇಣುಕಿ, ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ ಎಂದೂ ಬರೆದಾರು.

"ಐದೂಮುಕ್ಕಾಲಿಗೆ ಬನ್ನಿ ಸಾರ್," ಎಂದಳು ಗೇಜಕ್ಕ.

"ಆ ಹೊತ್ತಿಗೆ ನಮ್ಮ ಆಫೀಸೇ ತೆಗೆದಿರಲ್ಲಮ್ಮ," ಎಂದರು ಸಾಹೇಬರು.

"ಆಫೀಸ್ ತೆಗೀದಿದ್ರೆ ರೋಡಲ್ಲಿ ಜನಾನೂ ಇರಲ್ವಾ?"

"ಎಣಿಕೆಗೆ ಅಂತ ಒಂದು ಟೈಮ್ ಇರುತ್ತೆ. ಬೇಕಾದ್ರೆ ಬುಧವಾರ ಇನ್ನೊಂದ್ಸಲ ಬರ್ತೀವಿ. ಹನ್ನೊಂದಕ್ಕೇ."

ಕೋಣನ ಮುಂದೆ ಕಿನ್ನರಿ ಬಾರಿಸಿ ಅವಳಿಗೂ ಸಾಕಾಯಿತು.

ಹನ್ನೊಂದಕ್ಕೆ ಕಾರ್ಖಾನೆಯಲ್ಲಿ ಹತ್ತು ನಿಮಿಷ ಚಹಾ ಬಿಡುವು. ಬುಧವಾರ ಗೇಜಕ್ಕ ಯಾರಿಗೂ ಚಹಾ ಕುಡಿಯಗೊಡಲಿಲ್ಲ. ಪಾಳಿಯ ಅಷ್ಟೂ ಜನರನ್ನು, ಎಣ್ಣೆ ಮೆತ್ತಿದ ಕೈಯಲ್ಲೇ, ಸೈಕಲ್ ಸಮೇತ ಗೇಟಿನಾಚೆ ಹೊರಡಿಸಿದಳು. ರಸ್ತೆ ತುಂಬಿತು. ಸಾಹೇಬರು ಕೊನೆಗೂ ಗಾಜು ಇಳಿಸಿದರು. ಗುಮಾಸ್ತ ಎಣಿಸಿ ಎಣಿಸಿ ಸುಸ್ತಾದ.

"ಈಗ ಕಾಣಿಸ್ತಾ ಸಾರ್?" ಎಂದು ತಂಗಿ ಕೂಗಿದಳು.

ಕಾಣಿಸಿತ್ತು. ತಿಂಗಳೊಳಗೆ ಆದೇಶ ಬಂತು. ಗೇಟಿಗೆ ಅಂಟಿಸಿದ್ದನ್ನು ತಂಗಿಯೇ ಗಟ್ಟಿಯಾಗಿ ಓದಿದಳು: ಸೈಕಲ್ ಸವಾರರ ಹಾಗೂ ಪಾದಚಾರಿಗಳ ಸುರಕ್ಷತೆಯ ದೃಷ್ಟಿಯಿಂದ ಪ್ರತಿದಿನ ಬೆಳಗ್ಗೆ ಹನ್ನೊಂದರಿಂದ ಹನ್ನೊಂದೂ ಹತ್ತರವರೆಗೆ ಲಾರಿ ಸಂಚಾರ ನಿಷೇಧಿಸಲಾಗಿದೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ಉಳಿದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಗೇಜಕ್ಕನಿಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ಮರುದಿನ ಐದೂಮುಕ್ಕಾಲಿಗೆ ಅವಳು ತಂಗಿಯನ್ನು ರಸ್ತೆಯ ಅಂಚಿಗೆ ತಳ್ಳಿ, ತಾನು ಲಾರಿಗಳ ಮಗ್ಗುಲಿಗೆ ಸೈಕಲ್ ಹಾಕಿದಳು.

"ಅಕ್ಕಾ, ಈಚೆ ಬಾರೇ. ನಿನಗೆ ತಾಗಿಬಿಡುತ್ತೆ."

"ನೀನು ಮುಂದೆ ನೋಡ್ಕೊಂಡು ತುಳಿ," ಎಂದಳು ಗೇಜಕ್ಕ.