ವೀಕೆ ಎರಡು ಸಲ ಬರೆದ ಸಾಲು

ವೀಕೆ ಹೂಕ್‌ಸ್ಟ್ರಾ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಲೇವಾರ್ಡನ್ ಊರಿನಲ್ಲಿ ನಮ್ಮದು, ಹಡಗು ಬಂದಾಗ ಮೇಲೆದ್ದು ದಾರಿ ಬಿಡುವ ಕಾಲುವೆಗಳ ಎತ್ತುಸೇತುವೆಗಳನ್ನು ಆಡಿಸುವ ಯಂತ್ರಗಳಿಗೆ ನಿಯಮ ಬರೆಯುವ ಕಚೇರಿ. ಅದಕ್ಕೆಂದೇ ನಮ್ಮವರು ಕಟ್ಟಿಕೊಂಡ ಪುಟ್ಟ ಕಂಪ್ಯೂಟರ್ ಭಾಷೆಯೊಂದಿದೆ. ವೀಕೆ ಮೂವತ್ತು ವರ್ಷದಿಂದ ಅದರಲ್ಲೇ ಬರೆಯುವವಳು. ‘ಸೇತುವೆ ಮೇಲೆ ಗಾಡಿಯಿದ್ದರೆ ಎತ್ತಬೇಡ’ ಎಂಬ ಸಾಲನ್ನು ಮಾತ್ರ ಪ್ರತಿ ಸೇತುವೆಗೂ ಎರಡು ಸಲ ಹಾಕುವಳು: ಎಲ್ಲಕ್ಕೂ ಮೇಲೊಮ್ಮೆ, ಎಲ್ಲಕ್ಕೂ ಕೆಳಗೊಮ್ಮೆ. ಯಾಕೆಂದು ಕೇಳಿದರೆ, “ಇರ್ಲಿ ಬಿಡೋ ಔಕೆ, ನಿನ್ನ ಗಂಟೇನು ಹೋಗುತ್ತೆ?” ಅನ್ನುವಳು.

ಕೆಲಸ ಜಾಸ್ತಿ ತೋರಿಸಲು ಸಾಲು ಬೆಳೆಸುತ್ತಾಳೆ, ಅಷ್ಟೇ! ಹೋದ ವರ್ಷ ಹನ್ನೊಂದು ಸೇತುವೆಗಳಲ್ಲಿ ಮೇಲಿನ ಸಾಲನ್ನು ನಾನೇ ಅಳಿಸಿದೆ. ಮ್ಯಾನೇಜರ್ ರೀನ್ಸ್‌ಗೆ ಹೆಸರು ಹಾಕದೆ ಒಂದು ದೂರನ್ನೂ ಬರೆದೆ.

ದೂರು ಓದಿದ ರೀನ್ಸ್, ನಮ್ಮ ಭಾಷೆಯ ಪ್ರತಿ ಪದಕ್ಕೂ ಗಣಿತದಲ್ಲಿ ಖಚಿತ ಅರ್ಥ ಬರೆಯಲು ಯೋರಿಟ್ ಎಂಬ ಪಂಡಿತನನ್ನು ಕರೆಸಿದರು. ಆ ಸಾಲು ದಂಡ ಎಂದು ಅವನು ತೋರಿಸಿಕೊಟ್ಟರೆ ವೀಕೆ ಮನೆಗೆ ಹೋಗಬೇಕಿತ್ತು.

“ಅರ್ಥ ಬರೀತಾನಂತೆ, ಅರ್ಥ! ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದಾನೆ,” ಅಂದಳು ವೀಕೆ.

ಕಾಫಿ ಹೊತ್ತಿಗೆ ಯೋರಿಟ್ ಕೇಳಿದ: “ಹಡಗು ಬಂತು, ಎತ್ತು ಅನ್ನುತ್ತೆ ಒಂದು ಸಾಲು. ಗಾಡಿ ಇದೆ, ಎತ್ತಬೇಡ ಅನ್ನುತ್ತೆ ಇನ್ನೊಂದು. ಯಾವ್ದು ಗೆಲ್ಲುತ್ತೆ?”

“ಕೆಳಗಿಂದು. ಮಗೂಗೂ ಗೊತ್ತು,” ಎಂದೆ.

“ಛೇ, ಮೇಲಿಂದು ಕಣಯ್ಯಾ,” ಅಂದರು ರೀನ್ಸ್.

ವೀಕೆ ಬಿಸ್ಕತ್ತು ಅದ್ದುತ್ತಾ ಹೇಳಿದಳು: “ಹಳೇ ಯಂತ್ರದಲ್ಲಿ ಮೇಲಿಂದು, ಹೊಸದ್ರಲ್ಲಿ ಕೆಳಗಿಂದು. ಹಿಂದೊಮ್ಮೆ ಹೇಳಿದ್ದಕ್ಕೆ ಎಲ್ರೂ ನಕ್ರಿ. ಅವತ್ತಿಂದ ಎರಡೂ ಕಡೆ ಹಾಕ್ತೀನಿ, ಬಾಯಿ ಮುಚ್ಕೊಂಡಿರ್ತೀನಿ.”

ಯೋರಿಟ್ ಎರಡು ದಿನ ಯಂತ್ರಗಳನ್ನು ಪರೀಕ್ಷಿಸಿದ. ಅವಳ ಮಾತು ಅಕ್ಷರಶಃ ನಿಜ. ನಾನು ಅಳಿಸಿದ ಹನ್ನೊಂದರಲ್ಲಿ ನಾಲ್ಕು ಸೇತುವೆಗಳದ್ದು ಹಳೇ ಯಂತ್ರ; ಮೇಲಿನ ಸಾಲಿಲ್ಲದ ಮೇಲೆ ಅಲ್ಲಿ ಗೆಲ್ಲುವುದು ‘ಎತ್ತು’ ಅನ್ನುವ ಸಾಲೇ. ಗಾಡಿಯ ಸಮೇತ ಸೇತುವೆ ಮೇಲೆದ್ದರೆ?

“ರೀನ್ಸ್, ಸೇತುವೆಗಳನ್ನ ನಿಲ್ಲಿಸಿ! ನಾನು ಸಾಲು ಅಳಿಸಿದೀನಿ. ದೂರು ಬರೆದೋನೂ ನಾನೇ,” ಎಂದು ಒದರಿದೆ.

“ಕೂತ್ಕೊಳೋ,” ಅಂದಳು ವೀಕೆ. “ನೀನು ಅಳಿಸಿದ ವಾರದಲ್ಲೇ ಹನ್ನೊಂದನ್ನೂ ವಾಪಸ್ ಹಾಕಿದೀನಿ. ನಿನ್ನ ಕೆಲಸ ನಾನು ಒಂದು ದಿನವೂ ನೋಡದೆ ಬಿಟ್ಟಿಲ್ಲ. ನಿನ್ನ ಮೇಲೆ ನಂಗೆ ಅಷ್ಟು ನಂಬಿಕೆ!”

ನಾನು ಎಲ್ಲರೆದುರು ಅತ್ತುಬಿಟ್ಟೆ. ವೀಕೆ ತನ್ನ ಕುರ್ಚಿಯನ್ನು ಯೋರಿಟ್‌ನ ಮೇಜಿನ ಪಕ್ಕಕ್ಕೆ ಎಳೆದುಕೊಂಡಳು.

“ಬರ್ಕೊಳಪ್ಪಾ, ಒಂದೂ ಬಿಡದೆ ಹೇಳ್ತೀನಿ. ನಾನು ಸತ್ಮೇಲೆ ಇವನನ್ನ ಯಾರು ಕಾಯ್ತಾರೆ?”